ಭೀಮೆ ದಾಟುವ ಹೆಸರು

ಮಗಳ ಹೆಸರು ಊರಿನ ಅಜ್ಜಿಯ ಬಾಯಿಗೂ ಬರಬೇಕು, ಪರದೇಶದ ಟೀಚರಮ್ಮನ ಬಾಯಿಗೂ ಬರಬೇಕು! ಇಂದಿನ ಅಪ್ಪ-ಅಮ್ಮಂದಿರ ಈ ತಲೆನೋವು ಹೊಸದೇನಲ್ಲ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯ ಅವ್ವಂದಿರು ಎರಡು ಭಾಷೆ, ಎರಡು ಧರ್ಮಗಳ ನಡುವೆ ಹೆಸರನ್ನು ಓಡಾಡಿಸುವ ಉಪಾಯವನ್ನು ಎಂದೋ ಕಂಡುಕೊಂಡಿದ್ದರು.

ಶ್ರಾವಣದ ಮಧ್ಯಾಹ್ನ. ಭೀಮೆಯ ದಂಡೆಯ ಊರೊಂದರ ಪಡಸಾಲೆಯಲ್ಲಿ ತೊಟ್ಟಿಲು ಕಟ್ಟಿದೆ. ಪಂಚಮಿಗೆಂದು ತವರಿಗೆ ಬಂದ ಹೆಣ್ಣುಮಕ್ಕಳು ಇನ್ನೂ ಗಂಡನ ಮನೆಗೆ ಮರಳಿಲ್ಲ. ಒಬ್ಬಾಕೆ ಸೊಲ್ಲಾಪುರದವಳು, ಇನ್ನೊಬ್ಬಾಕೆ ಜತ್ತದವಳು, ಮತ್ತೊಬ್ಬಾಕೆ ಪುಣೆಯಲ್ಲಿ ಮನೆ ಮಾಡಿದವಳು. ಒಲೆಯ ಮೇಲೆ ಗುಗ್ಗರಿ ಬೇಯುತ್ತಿದೆ. ಗುಂಡುಕಲ್ಲಿಗೆ ಕುಂಚಿಗೆ ತೊಡಿಸಿ ಒಬ್ಬರು ತೊಟ್ಟಿಲ ಕೆಳಗಿನಿಂದ ದಾಟಿಸುತ್ತಾರೆ, ಇನ್ನೊಬ್ಬರು ಇಸಿದುಕೊಂಡು ಮೇಲಿನಿಂದ ಮರಳಿಸುತ್ತಾರೆ. ಕಲ್ಲಿನ ಸರದಿ ಮುಗಿದ ಮೇಲೆ ಕೂಸಿನ ಸರದಿ. ಸೋದರತ್ತೆ ಬಾಗಿ ಅದರ ಕಿವಿಯಲ್ಲಿ ‘ಕುರ್ರ್’ ಎಂದು ಹೆಸರು ಉಸುರುತ್ತಾಳೆ, ಸುತ್ತ ನಿಂತವರು ಆಕೆಯ ಬೆನ್ನಿಗೆ ದಬದಬ ಗುದ್ದುತ್ತಾರೆ. ಗುದ್ದು ಬಿತ್ತೆಂದರೆ ಹೆಸರು ಪಕ್ಕಾ. ಅಷ್ಟರಲ್ಲಿ ಮೊಬೈಲಿನ ವಿಡಿಯೊದೊಳಗಿಂದ ನ್ಯೂಜೆರ್ಸಿಯ ಕಾಕಾ ಕೇಳುತ್ತಾನೆ: “ಏನ್ ಹೆಸರ ಇಟ್ರಿ?”

ಈ ಪ್ರಶ್ನೆಗೆ ಉತ್ತರಿಸುವುದು ಈಗ ಸಲೀಸಲ್ಲ. ಹೆಸರು ಅಜ್ಜಿಯ ನಾಲಗೆಯ ಮೇಲೆ ಹೊರಳಬೇಕು, ಸೊಲ್ಲಾಪುರದ ಬೀಗರಿಗೆ ಪರಕೀಯ ಅನ್ನಿಸಬಾರದು, ಪುಣೆಯ ಇಂಗ್ಲಿಷ್ ಶಾಲೆಯ ಹಾಜರಿಯಲ್ಲಿ ನಗೆಪಾಟಲಾಗಬಾರದು, ನಾಳೆ ಪಾಸ್‌ಪೋರ್ಟ್ ಮಾಡಿಸುವಾಗ ತೊಡಕಾಗಬಾರದು. ಹೀಗೆ ಒಂದೊಂದೇ ಷರತ್ತು ಸೇರಿಸುತ್ತ ಹೋದವರು ಕಡೆಗೆ ಮುಟ್ಟುವುದು ರಿಯಾ, ಕಿಯಾರಾ, ಅನಾಯಾ ಮಾದರಿಯ ಹೆಸರುಗಳಿಗೆ. ಕೇಳಲು ಇಂಪು, ಬರೆಯಲು ಸುಲಭ, ಆದರೆ ಯಾವ ಊರಿನದು ಎಂದು ಕೇಳಿದರೆ ಉತ್ತರವಿಲ್ಲ. ಎಲ್ಲರಿಗೂ ಒಗ್ಗಬೇಕಾದರೆ ಯಾರದೂ ಆಗಿರಬಾರದು ಎಂಬ ಈ ನಂಬಿಕೆಯೇ ತಪ್ಪು. ಎರಡು ಸಂಸ್ಕೃತಿಗಳಲ್ಲಿ ಬಾಳುವ ಹೆಸರಿಗೆ ಒಂದು ಕಡೆ ಗಟ್ಟಿ ಬೇರಿರಬೇಕು, ಇನ್ನೊಂದು ಕಡೆಯ ಬಾಯಿಗೆ ಅದು ಬಾಗಬೇಕು. ವಿಜಯಪುರ ಜಿಲ್ಲೆಯ ಈ ನಾಲ್ಕು ತಾಲೂಕುಗಳ ಹಳೆಯ ಹೆಸರುಗಳೇ ಇದಕ್ಕೆ ಸಾಕ್ಷಿ. ಇಲ್ಲಿ ಜಿಲ್ಲೆಗೂ ಎರಡು ಹೆಸರು ಎಂಬುದನ್ನು ಮರೆಯಬಾರದು. ವಿಜಯಪುರ ಬಿಜಾಪುರವಾಗಿ, 2014ರ ನವೆಂಬರ್ 1ರಂದು ಸರ್ಕಾರಿ ಕಾಗದದಲ್ಲಿ ಮತ್ತೆ ವಿಜಯಪುರವಾಯಿತು. ಜನರ ಬಾಯಲ್ಲಿ ಮಾತ್ರ ಎರಡೂ ಓಡಾಡುತ್ತಿವೆ.

ಮೊದಲು ಒಂದು ಸರಳ ಪ್ರಶ್ನೆ. ಈ ಚಿಂತೆ ಗಂಡುಮಗುವಿಗಿಂತ ಹೆಣ್ಣುಮಗುವಿನ ವಿಷಯದಲ್ಲೇ ಹೆಚ್ಚೇಕೆ? ಗಂಡಸಿನ ಹೆಸರು ಹುಟ್ಟಿದ ಊರಿನಲ್ಲೇ, ಹೊಲದ ಉತಾರದಲ್ಲೇ ಕೂತಿರುತ್ತಿತ್ತು. ಮದುವೆಯಾಗಿ ಗಡಿ ದಾಟುವುದು ಹೆಣ್ಣಿನ ಹೆಸರು. ಇಂಡಿ ತಾಲೂಕಿನ ಆಚೆ ದಂಡೆಯಲ್ಲಿರುವುದು ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆ. ಪಶ್ಚಿಮಕ್ಕೆ ಜತ್ತ, ಮಂಗಳವೇಢೆ. 1956ರ ನವೆಂಬರ್ 1ರಂದು ಬಿಜಾಪುರ ಜಿಲ್ಲೆ ಮುಂಬೈ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಬಂತು. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಅಲ್ಲೇ ಉಳಿದವು. ಗೆರೆ ಬಿದ್ದದ್ದು ನಕಾಶೆಯ ಮೇಲೆ. ಕನ್ಯೆ ಕೊಟ್ಟು ತರುವ ಬಳಕೆಗೆ ಅದು ಅಡ್ಡ ಬರಲಿಲ್ಲ. ಹೀಗಾಗಿ ಇಲ್ಲಿ ಹೆಣ್ಣುಕೂಸಿಗೆ ಹೆಸರಿಡುವವರ ಮನಸ್ಸಿನಲ್ಲಿ, ಗೊತ್ತಿದ್ದೋ ಗೊತ್ತಿಲ್ಲದೆಯೋ, ಎರಡನೆಯ ಭಾಷೆಯೊಂದು ಇದ್ದೇ ಇರುತ್ತಿತ್ತು. ಕೆಲವು ಮನೆತನಗಳಲ್ಲಂತೂ ಮದುವೆಯ ದಿನ ತಾಟಿನಲ್ಲಿ ಅಕ್ಕಿ ಹರವಿ, ಅದರ ಮೇಲೆ ಉಂಗುರದಿಂದ ಸೊಸೆಯ ಹೊಸ ಹೆಸರು ಬರೆಯುವ ಪದ್ಧತಿಯಿತ್ತು. ತವರಿನ ಹೆಸರು ತವರಿನಲ್ಲೇ ಉಳಿಯುತ್ತಿತ್ತು. ಪಂಚಮಿಗೆ ಬಂದಾಗಷ್ಟೇ ಅದು ಮತ್ತೆ ಕಿವಿಗೆ ಬೀಳುವುದು. ಅದೊಂದು ಕ್ರೂರ ಪರಿಹಾರ. ಆದರೆ ಜನಸಾಮಾನ್ಯರು ಬಳಸಿದ ಉಪಾಯ ಅದಲ್ಲ. ಅವರದು ಇನ್ನೂ ಜಾಣತನದ್ದು.

ಹೆಸರಿನ ಮೈ ಒಂದು, ಬಾಲ ಇನ್ನೊಂದು. ಇಷ್ಟೇ ಆ ಉಪಾಯ. ಗಂಗವ್ವ ಭೀಮೆ ದಾಟಿದರೆ ಗಂಗಾಬಾಯಿ. ಕಾಶವ್ವ ಕಾಶೀಬಾಯಿ, ಪಾರವ್ವ ಪಾರ್ವತಿಬಾಯಿ, ಲಕ್ಕವ್ವ ಲಕ್ಷ್ಮೀಬಾಯಿ, ಅಂಬವ್ವ ಅಂಬಾಬಾಯಿ. ಮೈ ಹಾಗೇ ಉಳಿಯಿತು, ಬಾಲವಷ್ಟೇ ಊರಿಗೆ ತಕ್ಕಂತೆ ಬದಲಾಯಿತು. ಇದು ಸಾಧ್ಯವಾದದ್ದು ಎರಡೂ ದಂಡೆಯವರ ದೇವರುಗಳು ಒಂದೇ ಆಗಿದ್ದರಿಂದ. ತುಳಜಾಪುರದ ಅಂಬಾಭವಾನಿಗೆ ಇಲ್ಲಿಂದ ನಡೆದು ಹೋಗುವವರಿದ್ದಾರೆ, ಪಂಢರಪುರದ ವಾರಿಗೆ ಹೋಗುವವರಿದ್ದಾರೆ. ತುಳಜವ್ವ, ರುಕ್ಮವ್ವ ಎಂಬ ಹೆಸರುಗಳು ಹುಟ್ಟಿದ್ದೇ ಆ ದಾರಿಯಲ್ಲಿ. ಚಿಂಚಲಿಯ ಮಾಯಕ್ಕನಿಗೆ ಮಹಾರಾಷ್ಟ್ರದ ಭಕ್ತರು ಬಂಡಿ ಕಟ್ಟಿಕೊಂಡು ಬರುತ್ತಾರೆ. ಮಾಯವ್ವ ಎರಡೂ ಕಡೆ ಮಾಯವ್ವಳೇ. ಬಾಲ ಒಂದೇ ದಿಕ್ಕಿಗೆ ಹರಿಯಲಿಲ್ಲ ಎಂಬುದನ್ನೂ ಗಮನಿಸಬೇಕು. ಸಿದ್ಧರಾಮೇಶ್ವರರ ಸೊನ್ನಲಿಗೆ, ಅಂದರೆ ಇಂದಿನ ಸೊಲ್ಲಾಪುರದಲ್ಲಿ, ಮನೆಯಲ್ಲಿ ಮರಾಠಿ ಆಡುವ ಕುಟುಂಬಗಳಲ್ಲೂ ಸಿದ್ದವ್ವ, ಮಲ್ಲವ್ವ, ನೀಲವ್ವ ಸಿಗುತ್ತಾರೆ. ದೇವನಾಗರಿಯಲ್ಲಿ ಕೊನೆಯ ‘ವ್ವ’ವನ್ನು ಎಳೆದು ‘ವ್ವಾ’ ಎಂದು ಬರೆದುಕೊಳ್ಳುತ್ತಾರೆ, ಅಷ್ಟೇ ವ್ಯತ್ಯಾಸ.

ಬಾವಿಗೂ ಆಕೆಯ ಹೆಸರು
*ಅಹಮದನಗರದ ಹುಸೇನ್ ನಿಜಾಂ ಶಾಹನ ಮಗಳು, ಬಿಜಾಪುರದ ಒಂದನೆಯ ಅಲಿ ಆದಿಲ್ ಶಾಹನ ರಾಣಿ ಚಾಂದಬೀಬಿ. 1580ರಲ್ಲಿ ಬಾಲಕ ಎರಡನೆಯ ಇಬ್ರಾಹಿಂ ಪಟ್ಟಕ್ಕೆ ಬಂದಾಗ ಆತನ ಪರವಾಗಿ ರಾಜ್ಯ ನೋಡಿಕೊಂಡಳು. ವಿಜಯಪುರದ ಚಾಂದ್ ಬಾವಡಿ (1579) ಆಕೆಯ ಹೆಸರಿನದು. ಚಾಂದ್ ಎಂಬುದು ಈ ನೆಲದ ಚಂದ್ರ, ಬೀಬಿ ಎಂಬುದು ಪರ್ಶಿಯನ್ ಅಂತಃಪುರದ ಗೌರವ. ಚಾಂದಬೀ ಎಂಬ ಹೆಸರು ಇಲ್ಲಿನ ಹಳ್ಳಿಗಳಲ್ಲಿ ಇಂದಿಗೂ ಉಂಟು. ಪಕ್ಕದ ಓಣಿಯಲ್ಲಿ ಚಂದ್ರವ್ವನೂ ಉಂಟು.*

ಧರ್ಮದ ಗಡಿಯಲ್ಲೂ ನಡೆದದ್ದು ಇದೇ ವ್ಯಾಪಾರ. ಅವ್ವ, ಬಾಯಿಗಳ ಜೊತೆಗೆ ಮೂರನೆಯ ಬಾಲವಾಗಿ ‘ಬೀ’ ಬಂತು. ದರ್ಗಾದ ಹರಕೆಯ ಬಲದಿಂದ ಹುಟ್ಟಿದ ಹಿಂದೂ ಮನೆಯ ಕೂಸು ಫಕೀರವ್ವಳಾಯಿತು, ಮೊಹರಮ್ಮಿನ ಅಲಾವಿ ದೇವರಿಗೆ ಬೇಡಿಕೊಂಡು ಪಡೆದದ್ದು ಹುಸೇನವ್ವಳಾಯಿತು. ಅರಬ್ಬೀ ಮೈಗೆ ಕನ್ನಡದ ಬಾಲ! ಮುದ್ದೇಬಿಹಾಳದಿಂದ ಕೃಷ್ಣೆಯ ಗುಂಟ ಪೂರ್ವಕ್ಕೆ ಹೋದರೆ ಸಿಗುವ ತಿಂಥಣಿಯ ಮೌನೇಶ್ವರನಿಗೆ ಹಿಂದೂಗಳೂ ನಡೆದುಕೊಳ್ಳುತ್ತಾರೆ, ಮುಸ್ಲಿಮರೂ ನಡೆದುಕೊಳ್ಳುತ್ತಾರೆ. ಈ ಕೊಡುಕೊಳೆ ಅರಮನೆಯ ಫರ್ಮಾನಿನಿಂದ ಆದದ್ದಲ್ಲ. ಇತಿಹಾಸಕಾರ ರಿಚರ್ಡ್ ಈಟನ್ 1978ರಲ್ಲಿ ಪ್ರಕಟಿಸಿದ ಬಿಜಾಪುರದ ಸೂಫಿಗಳ ಕುರಿತ ಗ್ರಂಥದಲ್ಲಿ ‘ಚಕ್ಕಿನಾಮಾ’ ಎಂಬ ದಖನಿ ಹಾಡುಗಳನ್ನು ಪರಿಶೀಲಿಸಿದ್ದಾರೆ. ಅವು ಬೀಸುವಾಗ ಹಾಡುತ್ತಿದ್ದ ಹಾಡುಗಳು. ಸೂಫಿ ವಿಚಾರ ಮನೆಯೊಳಕ್ಕೆ ಬಂದದ್ದು ಬೀಸುಕಲ್ಲಿನ ಮುಂದೆ ಕೂತ ಹೆಂಗಸರ ಮೂಲಕ ಎಂಬುದು ಅವರ ವಾದ. ಹಾಡು ಬಂದ ದಾರಿಯಲ್ಲಿ ಹೆಸರು ಬಂದಿದ್ದರೆ ಆಶ್ಚರ್ಯವಿಲ್ಲ.

ಇದಕ್ಕೆ ಅತ್ಯುತ್ತಮ ಉದಾಹರಣೆ ಹಳೆಯ ಬಿಜಾಪುರ ಜಿಲ್ಲೆಯ ಬೀಳಗಿಯಲ್ಲಿ ಹುಟ್ಟಿದ ಗಾಯಕಿಯದು. ಅಮೀರಬಾಯಿ ಕರ್ನಾಟಕಿ. ಮೈ ಅರಬ್ಬೀ, ಬಾಲ ಮರಾಠಿ, ಅಡ್ಡಹೆಸರು ಅಪ್ಪಟ ನಾಡಿನದು. 1943ರ ‘ಕಿಸ್ಮತ್’ ಚಿತ್ರದ ಹಾಡುಗಳಿಂದ ದೇಶವಿಡೀ ಮನೆಮಾತಾದ ಈಕೆ ಮುಂಬೈಯ ಹಿಂದಿ ಚಿತ್ರರಂಗದಲ್ಲಿ ತನ್ನ ಹೆಸರಿನಿಂದ ಒಂದಕ್ಷರವನ್ನೂ ಕಳಚಲಿಲ್ಲ. ಕರ್ನಾಟಕಿ ಎಂಬ ವಿಳಾಸವನ್ನಂತೂ ತಲೆಯ ಮೇಲೆ ಹೊತ್ತೇ ಮೆರೆದಳು. ರಹಮತ್ ತರೀಕೆರೆ ಆಕೆಯ ಬಗ್ಗೆ ಕನ್ನಡದಲ್ಲಿ ಪುಸ್ತಕವನ್ನೇ ಬರೆದಿದ್ದಾರೆ. ಧಾರವಾಡದಲ್ಲಿ ಹುಟ್ಟಿದ ಇನ್ನೊಂದು ದೊಡ್ಡ ಕಂಠದ ಕಥೆಯೂ ಇಲ್ಲಿಗೆ ಹೊಂದುತ್ತದೆ. ಮೊದಮೊದಲ ಗ್ರಾಮಫೋನ್ ತಟ್ಟೆಗಳ ಮೇಲೆ ಆಕೆ ಗಾಂಧಾರಿ. ಮುಂದೆ ಲೋಕ ತಿಳಿದದ್ದು ಗಂಗೂಬಾಯಿ ಹಾನಗಲ್ ಎಂದು. ಮರಾಠಿ ಬಾಲದ ಹೆಸರೂ ಹಾನಗಲ್ಲಿನ ವಿಳಾಸವೂ ಒಟ್ಟಿಗೇ ಇದ್ದವು. ಪುಣೆಯ ಶ್ರೋತೃಗಳಿಗೆ ಆಕೆ ನಮ್ಮವಳು, ಹುಬ್ಬಳ್ಳಿಯವರಿಗೂ ನಮ್ಮವಳೇ.

ಇಲ್ಲಿ ಒಂದು ಗಟ್ಟಿ ಆಕ್ಷೇಪ ಏಳುತ್ತದೆ. ‘ಬಾಯಿ’ ಬಂದದ್ದು ಪ್ರೀತಿಯಿಂದಲೋ, ಅಧಿಕಾರದಿಂದಲೋ? ಪೇಶ್ವೆಗಳ ಕಾಲದಲ್ಲಿ, ಆಮೇಲೆ ಮುಂಬೈ ಪ್ರಾಂತದ ಆಡಳಿತದಲ್ಲಿ ಮರಾಠಿ ಇಲ್ಲಿ ಕಚೇರಿಯ ಭಾಷೆಯಾಗಿತ್ತು, ಕನ್ನಡದ ಹುಡುಗರು ಶಾಲೆಯಲ್ಲಿ ಮರಾಠಿ ಕಲಿಯುತ್ತಿದ್ದರು. ಡೆಪ್ಯುಟಿ ಚನ್ನಬಸಪ್ಪನವರಂಥವರು ಕನ್ನಡ ಶಾಲೆಗಳಿಗಾಗಿ ಹೆಣಗಬೇಕಾಯಿತು. ಅಂಥ ಹೊತ್ತಿನಲ್ಲಿ ಗಂಗವ್ವ ಗಂಗಾಬಾಯಿಯಾದದ್ದು ಮೇಲಿನವರನ್ನು ಅನುಕರಿಸಿ ಎನ್ನುವುದರಲ್ಲಿ ಹುರುಳಿದೆ. ಅದನ್ನು ಅಲ್ಲಗಳೆಯಬೇಕಿಲ್ಲ. ಆದರೆ ಬರೀ ಒತ್ತಾಯದ ಬಾಲವಾಗಿದ್ದರೆ 1956ರ ನಂತರ ಅದು ಉದುರಿ ಹೋಗಬೇಕಿತ್ತು. ಉದುರಲಿಲ್ಲ, ಕನ್ನಡ ಬಿಟ್ಟು ಬೇರೆ ಮಾತು ಬಾರದ ಕಾಶೀಬಾಯಿಯರು ಬಾಗೇವಾಡಿಯ ಹಳ್ಳಿಗಳಲ್ಲೂ ಇದ್ದಾರೆ. ಎರಡನೆಯ ಆಕ್ಷೇಪ ಇನ್ನೂ ಚುಚ್ಚುವಂಥದು. ಹಳೆಯ ಹೆಸರುಗಳೆಲ್ಲ ಚಿನ್ನವೇ? ಸಾಲಾಗಿ ಹೆಣ್ಣು ಹುಟ್ಟಿದಾಗ ಇನ್ನು ಸಾಕು ಎಂಬ ಹತಾಶೆಯಲ್ಲಿ ಸಾಕವ್ವ ಎಂದು ಹೆಸರಿಟ್ಟ ಮನೆಗಳು ನಮ್ಮಲ್ಲಿದ್ದವು. ಗಡಿಯಾಚೆ ಸಾತಾರಾ ಜಿಲ್ಲೆಯಲ್ಲಿ ಬೇಡವಾದವಳು ಎಂಬರ್ಥದ ‘ನಕುಶಾ’ ಎಂಬ ಹೆಸರು ಹೊತ್ತಿದ್ದ 285 ಹುಡುಗಿಯರಿಗೆ 2011ರ ಅಕ್ಟೋಬರಿನಲ್ಲಿ ಜಿಲ್ಲಾಡಳಿತವೇ ಸಮಾರಂಭ ಮಾಡಿ ಹೊಸ ಹೆಸರು ಕೊಟ್ಟಿತು. ಎರಡು ಸಂಸ್ಕೃತಿಗಳು ದೇವರನ್ನು ಹಂಚಿಕೊಂಡಂತೆ ಹೆಣ್ಣಿನ ತಾತ್ಸಾರವನ್ನೂ ಹಂಚಿಕೊಂಡಿದ್ದವು. ಆದ್ದರಿಂದ ಅಜ್ಜಿಯ ಕಾಲದ್ದೆಂಬ ಒಂದೇ ಕಾರಣಕ್ಕೆ ಯಾವ ಹೆಸರನ್ನೂ ಎತ್ತಿಕೊಳ್ಳಬೇಕಿಲ್ಲ. ಎತ್ತಿಕೊಳ್ಳಬೇಕಾದದ್ದು ಅವರ ಉಪಾಯವನ್ನು.

ಆದರೆ ಆ ಉಪಾಯಕ್ಕೇ ಈಗ ಕುತ್ತು ಬಂದಿದೆ, ತಂದದ್ದು ಕಾಗದ. ಹಿಂದೆ ಒಬ್ಬಳೇ ಹೆಂಗಸು ಮನೆಯಲ್ಲಿ ಗೌರವ್ವ, ಶಾಲೆಯ ದಾಖಲೆಯಲ್ಲಿ ಗೌರಿ, ಗಂಡನ ಮನೆಯಲ್ಲಿ ಗೌರಾಬಾಯಿ ಆಗಿರಬಹುದಿತ್ತು. ಅತ್ತೆಯ ಹೆಸರನ್ನು ಬಾಯಿಬಿಟ್ಟು ಹೇಳಬಾರದೆಂದು ಸೊಸೆ ಆ ಹೆಸರಿನ ಮಗಳನ್ನು ತಂಗೆವ್ವ ಎಂದು ಕರೆಯಬಹುದಿತ್ತು. ಯಾರಿಗೂ ಗೊಂದಲವಿರಲಿಲ್ಲ. ಕಂಪ್ಯೂಟರಿಗೆ ಗೊಂದಲವಾಗುತ್ತದೆ. ಗೌರವ್ವ ಎಂಬ ಒಂದೇ ಹೆಸರನ್ನು ನೋಡಿ. ‘ಗೌ’ ಅಕ್ಷರವನ್ನು ಇಂಗ್ಲಿಷಿನಲ್ಲಿ ಜಿ-ಎ-ಯು, ಜಿ-ಒ-ಯು, ಜಿ-ಒ-ಡಬ್ಲ್ಯು ಎಂದು ಮೂರು ಬಗೆಯಲ್ಲಿ ಬರೆಯುತ್ತಾರೆ. ‘ವ್ವ’ವನ್ನು ಎರಡು ವಿ ಹಾಕಿಯೂ ಬರೆಯುತ್ತಾರೆ, ಎರಡು ಡಬ್ಲ್ಯು ಹಾಕಿಯೂ ಬರೆಯುತ್ತಾರೆ. ಒಬ್ಬ ಗೌರವ್ವ ಕೂತಲ್ಲೇ ಆರು ಮಂದಿಯಾದಳು! ಆಧಾರಿನಲ್ಲಿ ಒಬ್ಬಳು, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಇನ್ನೊಬ್ಬಳು, ರೇಷನ್ ಕಾರ್ಡಿನಲ್ಲಿ ಮತ್ತೊಬ್ಬಳು. ಇದರ ಮೇಲೆ 2023ರಲ್ಲಿ ಜನನ-ಮರಣ ನೋಂದಣಿ ಕಾಯ್ದೆಗೆ ತಿದ್ದುಪಡಿ ಬಂತು. ಆ ವರ್ಷದ ಅಕ್ಟೋಬರ್ 1ರಿಂದೀಚೆಗೆ ಹುಟ್ಟಿದವರಿಗೆ ಶಾಲೆ ಸೇರಲು, ಮತದಾರರ ಪಟ್ಟಿಗೆ, ಚಾಲನಾ ಪರವಾನಗಿಗೆ, ಮದುವೆ ನೋಂದಣಿಗೆ, ಸರ್ಕಾರಿ ನೌಕರಿಗೆ ಹುಟ್ಟಿದ ದಿನ, ಸ್ಥಳಗಳ ದಾಖಲೆಯಾಗಿ ಜನನ ಪ್ರಮಾಣಪತ್ರವೇ ಬೇಕು. ಅದರಲ್ಲಿ ಬಿದ್ದ ಕಾಗುಣಿತ ಜೀವನವಿಡೀ ಬೆನ್ನು ಬಿಡುವುದಿಲ್ಲ. ಬಾಲ ಬದಲಿಸುವ ಸ್ವಾತಂತ್ರ್ಯ ಮುಗಿಯಿತು ಎಂದೇ ಅರ್ಥ.

ನಾಲಗೆಯ ಲೆಕ್ಕಾಚಾರ
*‘ಳ’ ಕನ್ನಡಕ್ಕೂ ಮರಾಠಿಗೂ ಸಮಾನ ಆಸ್ತಿ. ಉರ್ದು, ಇಂಗ್ಲಿಷಿಗೆ ಅದಿಲ್ಲ. ಹ್ರಸ್ವ ‘ಎ’, ‘ಒ’ಗಳ ಭೇದ ಮರಾಠಿ ಬರಹದಲ್ಲಿ ಇಲ್ಲ, ಹಾಗಾಗಿ ಹೊನ್ನವ್ವ ಅಲ್ಲಿ ಹೋನ್ನವ್ವಾ. ಹಳಗನ್ನಡದ ವ್ಯಾಕರಣ ಸೀತಾ, ಗಂಗಾಗಳನ್ನು ಸೀತೆ, ಗಂಗೆ ಮಾಡಿಕೊಂಡಿತ್ತು; ಈಗ ನಾವೇ ಮತ್ತೆ ‘ಆ’ಕಾರಕ್ಕೆ ಮರಳಿದ್ದೇವೆ. ಗ, ನ, ಮ, ಲ, ರ, ಸ ಈ ನಾಲ್ಕೂ ಭಾಷೆಯವರ ಬಾಯಿಗೆ ಬರುವ ಅಕ್ಷರಗಳು.*

ಹಾಗಾದರೆ ಇಂದಿನ ಅಪ್ಪ-ಅಮ್ಮ ಮಾಡಬೇಕಾದದ್ದೇನು? ಬಾಲ ಕಳಚಿದ ಮೇಲೂ ತನ್ನ ಕಾಲ ಮೇಲೆ ತಾನು ನಿಲ್ಲುವ ಮೈಯನ್ನು ಆರಿಸಬೇಕು. ಅಂಥವು ನಮ್ಮ ಅಂಗಳದಲ್ಲೇ ಬಿದ್ದಿವೆ. ಬಾಗೇವಾಡಿಯ ಬಸವಣ್ಣನ ಪತ್ನಿ ನೀಲಾಂಬಿಕೆಯನ್ನೇ ತೆಗೆದುಕೊಳ್ಳಿ. ಕಲ್ಯಾಣದ ಕ್ರಾಂತಿಯ ನಂತರ ಆಕೆ ಐಕ್ಯಳಾದದ್ದು ಮುದ್ದೇಬಿಹಾಳ ತಾಲೂಕಿನ ತಂಗಡಗಿಯಲ್ಲಿ, ಕೃಷ್ಣೆಯ ದಂಡೆಯಲ್ಲಿ ಎಂದು ಪರಂಪರೆ ಹೇಳುತ್ತದೆ. ವಚನಗಳಲ್ಲಿ ಆಕೆ ನೀಲಮ್ಮ, ಹಳ್ಳಿಯಲ್ಲಿ ನೀಲವ್ವ, ಸೊಲ್ಲಾಪುರದಲ್ಲಿ ನೀಲಾಬಾಯಿ. ಎಲ್ಲ ಕಳಚಿ ನೀಲಾ ಎಂದರೂ ಹೆಸರು ಪೂರ್ತಿಯೇ. ಉರ್ದು ಮಾತಿನವರಿಗೂ ನೀಲಿಯ ಬಣ್ಣ ಗೊತ್ತು, ಲಂಡನ್ನಿನ ಟೀಚರಿಗೂ ಎರಡಕ್ಷರ ಭಾರವಲ್ಲ. ಆದರೆ ಈ ಎರಡಕ್ಷರದ ಹಿಂದೆ ಹನ್ನೆರಡನೆಯ ಶತಮಾನದ ವಚನಕಾರ್ತಿಯೊಬ್ಬಳು ನಿಂತಿದ್ದಾಳೆ. ರಿಯಾಳ ಹಿಂದೆ ಯಾರೂ ನಿಂತಿಲ್ಲ. ಇಂಡಿಯ ಊರದೇವರು ಶಾಂತೇಶ್ವರನಿಂದ ಬಂದ ಶಾಂತಾ ಮರಾಠಿಯಲ್ಲಿ ಅಷ್ಟೇ ಮನೆಯವಳು. ಅಂತರ್ಜಾಲದಲ್ಲಿ ಹುಡುಕಿ ಹುಡುಕಿ ‘ಜಾಗತಿಕ ಹೆಸರು’ ಎಂದು ಮಾಯಾ ಇಡುವವರಿಗೆ ಆಕೆ ಚಿಂಚಲಿಯ ಮಾಯವ್ವ ಎಂಬುದು ಹೊಳೆದಿರುವುದಿಲ್ಲ, ಅಜ್ಜಿಗೆ ಮಾತ್ರ ಕಿವಿಗೆ ಬಿದ್ದ ಕ್ಷಣವೇ ಹೊಳೆಯುತ್ತದೆ.

ಲೀಲಾ ಇನ್ನೂ ದೂರ ಹೋದ ಹೆಸರು. ಭಾಸ್ಕರಾಚಾರ್ಯ 1150ರಲ್ಲಿ ತನ್ನ ಗಣಿತ ಗ್ರಂಥಕ್ಕೆ ಲೀಲಾವತಿ ಎಂದು ಹೆಸರಿಟ್ಟ. ಅವನ ಹುಟ್ಟೂರು ವಿಜ್ಜಳವಿಡ ನಮ್ಮ ವಿಜಯಪುರ ಸೀಮೆಯದೋ ಖಾನದೇಶದ್ದೋ ಎಂಬ ಜಗಳವನ್ನು ಪಂಡಿತರಿಗೆ ಬಿಡೋಣ. 1587ರಲ್ಲಿ ಅಕ್ಬರನ ಆಸ್ಥಾನದ ಫೈಜಿ ಅದನ್ನು ಪರ್ಶಿಯನ್ನಿಗೆ ಅನುವಾದಿಸಿ, ಲೀಲಾವತಿ ಭಾಸ್ಕರನ ಮಗಳು ಎಂಬ ಕಥೆಯನ್ನು ಮುನ್ನುಡಿಯಲ್ಲಿ ಹೇಳಿದ. 1817ರಲ್ಲಿ ಕೋಲ್‌ಬ್ರೂಕ್ ಇಂಗ್ಲಿಷಿಗೆ ತಂದ. ಗಣಿತದ ಬೆನ್ನೇರಿ ಒಬ್ಬ ಹುಡುಗಿಯ ಹೆಸರು ಮೂರು ಭಾಷೆ ದಾಟಿತು, ಒಂದಕ್ಷರವೂ ಸವೆಯಲಿಲ್ಲ. ಇಂದಿನ ಲೀಲಾಳನ್ನು ಅರಬ್ಬರು ತಮ್ಮ ಲೈಲಾಳ ತಂಗಿ ಎಂದುಕೊಂಡರೂ ನಷ್ಟವೇನಿಲ್ಲ.

ಎಲ್ಲ ಹೆಸರಿಗೂ ಈ ಭಾಗ್ಯವಿಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು. ಸಿಂದಗಿ ತಾಲೂಕಿನ ಗೊಲಗೇರಿಯ ಗೊಲ್ಲಾಳೇಶ್ವರನ ಹೆಸರಿನ ಗೊಲ್ಲಾಳಪ್ಪ, ಗೊಲ್ಲಾಳವ್ವರು ಆ ಸೀಮೆಯ ತುಂಬ ಇದ್ದಾರೆ. ಹೆಸರು ಕೇಳಿದರೆ ಸಾಕು, ಊರು ಹೇಳಬಹುದು. ಆದರೆ ಅದರ ಬಾಲ ಕತ್ತರಿಸಿದರೆ ಮೈ ಉಳಿಯುವುದಿಲ್ಲ, ‘ಳ’ ತೆಗೆದರೆ ದೇವರೇ ಉಳಿಯುವುದಿಲ್ಲ. ಅಂಥ ಹೆಸರನ್ನು ಕೂಸಿಗೆ ಎರಡನೆಯ ಹೆಸರಾಗಿ, ತೊಟ್ಟಿಲ ಹೆಸರಾಗಿ ಇಟ್ಟುಕೊಳ್ಳುವುದೇ ಲೇಸು. ದಾಖಲೆಯಲ್ಲಿ ಇಲ್ಲದ ಮಾತ್ರಕ್ಕೆ ಹೆಸರು ಸಾಯುವುದಿಲ್ಲ, ಕರೆಯುವವರು ಇಲ್ಲವಾದಾಗ ಸಾಯುತ್ತದೆ.

ಇನ್ನು ವಿದೇಶದ ಬಾಯಿಯ ಮಾತು. ಉಚ್ಚಾರ ಸುಲಭವಿದ್ದರೆ ಮಗಳು ಬಚಾವ್ ಎಂಬುದು ಹೆತ್ತವರ ದೊಡ್ಡ ಆಸರೆ. ಆದರೆ 2020ರ ಅಕ್ಟೋಬರಿನಲ್ಲಿ ಏನಾಯಿತು? ಅಮೆರಿಕದ ಉಪಾಧ್ಯಕ್ಷ ಸ್ಥಾನಕ್ಕೆ ಸ್ಪರ್ಧಿಸಿದ್ದ ಕಮಲಾ ಹ್ಯಾರಿಸ್ ಹೆಸರನ್ನು, ಅವರೊಂದಿಗೆ ಸೆನೆಟ್ಟಿನಲ್ಲಿ ವರ್ಷಗಟ್ಟಲೆ ಕೂತಿದ್ದ ಜಾರ್ಜಿಯಾದ ಸೆನೆಟರ್ ಒಬ್ಬರು ಚುನಾವಣಾ ಸಭೆಯಲ್ಲಿ ಬೇಕೆಂದೇ ಎಂಬಂತೆ ತಿರುಚಿ ತಿರುಚಿ ಹೇಳಿದರು. ಕಮಲಾ ಎನ್ನುವುದು ಮೂರೇ ಅಕ್ಷರ, ಅದರಲ್ಲಿ ‘ಳ’ ಇಲ್ಲ, ‘ಣ’ ಇಲ್ಲ, ಒತ್ತಕ್ಷರವೂ ಇಲ್ಲ. ಮನಸ್ಸಿಲ್ಲದವನ ನಾಲಗೆಗೆ ಯಾವ ಹೆಸರೂ ಸುಲಭವಲ್ಲ. ಮನಸ್ಸಿದ್ದವರು ಮುಂಬೈಯ ಸ್ಟುಡಿಯೊದಲ್ಲೂ ಅಮೀರಬಾಯಿ ಕರ್ನಾಟಕಿ ಎಂದು ಪೂರ್ತಿಯಾಗಿಯೇ ಕರೆದರು. ಹಾಗೆಂದು ಅಮೆರಿಕದಲ್ಲಿ ಬೆಳೆಯುವ ಕೂಸಿಗೆ ಜ್ಞಾನಪ್ರಸೂನಾಂಬಿಕೆ ಎಂದು ಹೆಸರಿಟ್ಟು ಪರೀಕ್ಷೆ ಒಡ್ಡಬೇಕೆಂದಲ್ಲ! ಪರಕೀಯರ ಅನುಕೂಲಕ್ಕೆ ಒಂದಿಷ್ಟು ಬಾಗಿದರೆ ಸಾಕು, ಬೇರು ಕೀಳುವಷ್ಟು ಬಾಗಬೇಕಿಲ್ಲ.

ಫಕೀರವ್ವ, ಹುಸೇನವ್ವರ ಗತಿಯೇನು ಎಂಬ ಪ್ರಶ್ನೆ ಉಳಿಯಿತು. ಈಗಿನ ಹಾಜರಿ ಪುಸ್ತಕಗಳಲ್ಲಿ ಆ ಹೆಸರುಗಳು ಅಪರೂಪವಾಗುತ್ತಿವೆ. ಕಾಲದ ಗಾಳಿ ಅಂಥದು. ಹಾಗೆ ಹೆಸರಿಟ್ಟ ಕಾಲದಲ್ಲಿ ಜಗಳಗಳೇ ಇರಲಿಲ್ಲ ಎಂದೇನಲ್ಲ, ಹೆಸರೊಂದು ಸೌಹಾರ್ದಕ್ಕೆ ಜಾಮೀನೂ ಅಲ್ಲ. ಆದರೂ ರೇಷ್ಮಾ ಎಂಬ ಪರ್ಶಿಯನ್ ಹೆಸರು ಎರಡೂ ಓಣಿಗಳಲ್ಲಿ ಯಾರ ಅಪ್ಪಣೆಯನ್ನೂ ಕೇಳದೆ ಇಂದಿಗೂ ನಡೆಯುತ್ತಿದೆ. ತಾರಾ, ಮೀನಾ, ಸೋನಾ ಸಹ ಅಷ್ಟೇ. ಹುಡುಕುವವರಿಗೆ ದಾರಿ ಮುಚ್ಚಿಲ್ಲ.

ಕಡೆಯದಾಗಿ ಹೆತ್ತವರಿಗೆ ಒಂದು ಮಾತು. ಆಸ್ಪತ್ರೆಯಲ್ಲಿ ಫಾರ್ಮು ತುಂಬಿಸಿಕೊಳ್ಳುವವರ ಅವಸರಕ್ಕೆ ಬಿದ್ದು ಮೊಬೈಲಿನಲ್ಲಿ ಮೊದಲು ಕಂಡ ಹೆಸರು ಬರೆಸಬೇಡಿ. ಜನನವನ್ನು 21 ದಿನದೊಳಗೆ ನೋಂದಾಯಿಸಬೇಕು ನಿಜ, ಆದರೆ ಹೆಸರಿನ ಜಾಗವನ್ನು ಖಾಲಿ ಬಿಡಲು ಕಾನೂನಿನಲ್ಲೇ ಅವಕಾಶವಿದೆ. ನೋಂದಣಿಯಾದ 12 ತಿಂಗಳೊಳಗೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು. ಆಮೇಲೂ 15 ವರ್ಷದವರೆಗೆ ತಡವಾದ ಶುಲ್ಕ ಕಟ್ಟಿ ಸೇರಿಸಬಹುದು. ಮೊದಲು ಮನೆಯ ಹಿರಿಯ ಹೆಂಗಸರನ್ನು ಕೂಡಿಸಿ, ಮೂರು ತಲೆಮಾರಿನ ಅವ್ವ, ಬಾಯಿ, ಬೀಗಳ ಹೆಸರು ಬರೆದುಕೊಳ್ಳಿ. ಬಾಲ ತೆಗೆದು ಒಂದೊಂದನ್ನೂ ಗಟ್ಟಿಯಾಗಿ ಕರೆದು ನೋಡಿ. ಇಂಗ್ಲಿಷ್ ಕಾಗುಣಿತವನ್ನು ನೀವೇ ಬರೆದು ಕೊಡಿ, ಗುಮಾಸ್ತರಿಗೆ ಬಿಡಬೇಡಿ.